ಗಡಿನಾಡಿನಿಂದ ಗಡಿನಾಡಿಗೆ: ಕಾಸರಗೋಡಿನ ಕರಾವಳಿಯಲ್ಲಿ ನಾವು ಕಂಡದ್ದು



ನಮ್ಮ ಸಂಘದ ಹನ್ನೊಂದು ಮನೆಗಳವರು ಕೂಡಿ ಕೈಗೊಂಡ ಪ್ರವಾಸದ ವೃತ್ತಾಂತವನ್ನು ಈ ವಾರ್ಷಿಕೋತ್ಸವದ ಸಭೆಯಲ್ಲಿ ನಿವೇದಿಸಬೇಕೆಂದು ಕಾರ್ಯದರ್ಶಿಗಳ ಆದೇಶವಾಗಿದೆ. ಪ್ರವಾಸಕಥನವೆಂದರೆ ಊರುಗಳ ಪಟ್ಟಿಯೋ ಊಟತಿಂಡಿಗಳ ವರ್ಣನೆಯೋ ಆಗಿಬಿಡುವ ಭಯವುಂಟು. ಆದುದರಿಂದ ಕಂಡದ್ದೆಲ್ಲವನ್ನೂ ಹೇಳುವುದಿಲ್ಲ. ನಮ್ಮ ಮನೆಗಳಿಗೆ ಸಂಬಂಧಪಟ್ಟಷ್ಟನ್ನು ಮಾತ್ರ ಅರಿಕೆ ಮಾಡಿಕೊಳ್ಳುತ್ತೇವೆ.

ಎಲ್ಲಿಗೆ ಹೋಗಬೇಕೆಂಬ ಚರ್ಚೆಯೇ ಮೂರು ಭಾನುವಾರಗಳನ್ನು ತಿಂದಿತು. ಮೈಸೂರೆಂದರು ಕೆಲವರು, ಹಂಪೆಯೆಂದರು ಕೆಲವರು. ಆ ಸ್ಥಳಗಳಿಗೆ ಹೋಗುವುದು ತವರುಮನೆಗೆ ಹೋದಂತೆ. ಅಲ್ಲಿ ಕನ್ನಡವು ತನ್ನ ಮನೆಯಲ್ಲಿ ತಾನಿದೆ, ಯಾರನ್ನೂ ಕೇಳಬೇಕಾದ್ದಿಲ್ಲ. ನಮ್ಮ ಹಾಗೆಯೇ ಹೊಸಿಲಿನಾಚೆ ಉಳಿದವರು ಹೇಗೆ ಬಾಳುತ್ತಿದ್ದಾರೆಂಬುದನ್ನು ಒಮ್ಮೆ ನೋಡಬಾರದೇಕೆ ಎಂದು ಹೆಂಗಸರೊಬ್ಬರು ಕೇಳಿದಾಗ ಸಭೆಯು ಸುಮ್ಮನಾಯಿತು. ಹೀಗಾಗಿ ಕಾಸರಗೋಡು ನಿಶ್ಚಯವಾಯಿತು. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರವನ್ನು ಕಂಡವರಲ್ಲ ಎಂಬುದೂ ಒಂದು ಕಾರಣವಾಗಿತ್ತೆಂದು ಒಪ್ಪಿಕೊಳ್ಳಬೇಕು.

ಬೆಂಗಳೂರಿನಿಂದ ಮಂಗಳೂರಿನ ಮಾರ್ಗವಾಗಿ ಕಣ್ಣೂರಿಗೆ ಹೋಗುವ ರಾತ್ರಿಯ ರೈಲನ್ನು ಹಿಡಿದೆವು. ಸಕಲೇಶಪುರವನ್ನು ದಾಟಿದ ಮೇಲೆ ಈ ದಾರಿಯು 57 ಸುರಂಗಗಳ ಮೂಲಕ ಘಟ್ಟವನ್ನಿಳಿಯುತ್ತದೆ. 1979ರಲ್ಲಿ ತೆರೆದ ದಾರಿಯಿದು. ಎಲ್ಲವನ್ನೂ ಎಣಿಸುವೆವೆಂದು ಪಣತೊಟ್ಟ ಮಕ್ಕಳು ಹನ್ನೆರಡಕ್ಕೆ ನಿದ್ದೆಹೋದರು. ಬೆಳಗಾದಾಗ ಕಿಟಕಿಯಾಚೆ ಅಡಕೆ, ತೆಂಗು, ನೀರು. ವರ್ಷಕ್ಕೆ ಐನೂರು ಆರುನೂರು ಮಿಲಿಮೀಟರ್ ಮಳೆ ಬಂದರೆ ಸುಭಿಕ್ಷವೆಂದು ಕೈಮುಗಿಯುವ ನಾವು, ಮೂರು ಸಾವಿರಕ್ಕೂ ಮಿಕ್ಕಿ ಮಳೆ ಸುರಿಯುವ ಆ ನೆಲವನ್ನು ಕಂಡು ಸ್ವಲ್ಪ ಅಸೂಯೆಪಟ್ಟೆವು.

ಮಂಗಳೂರಿನಲ್ಲಿ ಒಂದೇ ದಿನ ತಂಗಿದ್ದುದರಿಂದ ಹೆಚ್ಚು ಹೇಳುವಂತಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಇಲ್ಲಿಯೇ ಹೆಂಚಿನ ಕಾರ್ಖಾನೆಯನ್ನು ಪ್ರಾರಂಭಿಸಿದರು. ನಮ್ಮ ಊರಿನ ಹಳೆಯ ಮನೆಗಳ ಮೇಲಿರುವ ಮಂಗಳೂರು ಹೆಂಚಿನ ತವರು ಇದು. ಕಿಟ್ಟೆಲ್ ಪಂಡಿತರ ಮಹಾನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರು ಇಲ್ಲಿ ಹೊರಡಿಸಿದರು. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ನಮ್ಮ ಅನಂತಪುರವು ಆಗಿನ್ನೂ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1882ರಲ್ಲಿ. ಕನ್ನಡದ ಮೊದಲ ಪತ್ರಿಕೆಯು ಎರಡನೆಯ ವರ್ಷಕ್ಕೆ ನಮ್ಮ ಜಿಲ್ಲೆಗೇ ಬಂದಿತೆಂದು ಹೇಳಿಕೊಂಡರೆ ತಪ್ಪಾಗಲಾರದು.

ಉಳ್ಳಾಲದ ರಾಣಿ ಅಬ್ಬಕ್ಕನ ನೆಲವನ್ನು ಕಂಡು, ತಲಪಾಡಿಯಲ್ಲಿ ಗಡಿಯನ್ನು ದಾಟಿದೆವು. ನಮ್ಮ ಕಡೆಯ ಗಡಿಯಂತೆಯೇ ಅದೂ ಒಂದು ಗಡಿ: ಈಚೆಗೂ ಆಚೆಗೂ ಅದೇ ತೋಟ, ಅದೇ ಮಾತು, ಫಲಕ ಮಾತ್ರ ಬೇರೆ.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆಯಿದೆ. 1883ರಲ್ಲಿ ಜನಿಸಿ 1963ರಲ್ಲಿ ತೀರಿಕೊಂಡ ಅವರಿಗೆ ಮದರಾಸು ಸರಕಾರವು 1949ರಲ್ಲಿ ರಾಷ್ಟ್ರಕವಿ ಪದವಿಯನ್ನಿತ್ತಿತು. ಕನ್ನಡ ಕಾವ್ಯದಲ್ಲಿ ಸಾವಿರ ವರ್ಷಗಳಿಂದ ನಡೆದುಬಂದಿದ್ದ ದ್ವಿತೀಯಾಕ್ಷರ ಪ್ರಾಸವನ್ನು 1911ರಲ್ಲಿ ಕೈಬಿಟ್ಟ ಧೀರರು ಅವರು. 'ಗಿಳಿವಿಂಡು' ಎಂಬುದು ಅವರ ಕವನಸಂಕಲನದ ಹೆಸರು; ಮನೆಯನ್ನು ಒಳಗೊಂಡ ಸ್ಮಾರಕಕ್ಕೂ ಈಗ ಅದೇ ಹೆಸರು. ಮನೆಮಾತು ಕೊಂಕಣಿ, ಊರಮಾತು ತುಳು, ಬರೆದದ್ದು ಕನ್ನಡ. ಇವಲ್ಲದೆ ದೇಶವಿದೇಶಗಳ ಇಪ್ಪತ್ತಕ್ಕೂ ಮಿಕ್ಕ ಭಾಷೆಗಳನ್ನು ಅರಿತಿದ್ದರು. ಇದನ್ನು ನಾವು ಮಕ್ಕಳಿಗೆ ಹೇಳಿದಾಗ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಎಂದು ತಲೆನೋವು ಹಚ್ಚಿಕೊಂಡಿದ್ದ ಒಬ್ಬ ಹುಡುಗನು "ಹಾಗಾದರೆ ಮೂರೇನು ಮಹಾ!" ಎಂದನು. ಅವನ ತಾಯಿಗೆ ಆದ ಸಂತೋಷವನ್ನು ನಾವು ವರ್ಣಿಸಲಾರೆವು.

ಇಲ್ಲಿಂದ ಕುಂಬಳೆಗೆ. ತೆಂಕುತಿಟ್ಟಿನ ಯಕ್ಷಗಾನದ ಆದ್ಯಕವಿಯೆಂದು ಕೊಂಡಾಡಲ್ಪಡುವ ಪಾರ್ತಿಸುಬ್ಬನ ಊರು ಇದು. ರಾಮಾಯಣದ ಪ್ರಸಂಗಗಳನ್ನು ಅವನ ಹೆಸರಿನಲ್ಲಿಯೇ ಇಂದಿಗೂ ಆಡುತ್ತಾರೆ. ರಾತ್ರಿ ಒಂದು ಬಯಲಾಟವನ್ನು ನೋಡುವ ಭಾಗ್ಯ ನಮಗೆ ಒದಗಿತು. ನಮ್ಮ ನಿಮ್ಮಲಕುಂಟೆಯ ತೊಗಲುಗೊಂಬೆಯ ರಾವಣನನ್ನು ಬಲ್ಲ ನಮಗೆ ಅಲ್ಲಿಯ ರಾವಣನು ಅಪರಿಚಿತನೆನಿಸಲಿಲ್ಲ. ಆದರೆ ಭಾಷೆಯ ವಿಷಯದಲ್ಲಿ ಬೆರಗಾದೆವು. ವೇಷಧಾರಿಗಳು ಎದುರು ಬದುರು ನಿಂತು, ಬರೆದ ಪುಸ್ತಕವೊಂದಿಲ್ಲದೆ, ಗಂಟೆಗಟ್ಟಲೆ ಅಚ್ಚಗನ್ನಡದಲ್ಲಿ ವಾದ ಹೂಡುತ್ತಾರೆ. ಒಂದೇ ಒಂದು ಪರಭಾಷೆಯ ಮಾತು ನುಸುಳಿದರೆ ಸಭಿಕರು ನಗುತ್ತಾರೆ. ನೋಡುತ್ತ ಕುಳಿತವರಲ್ಲಿ ತುಳುವರು, ಕೊಂಕಣಿಗರು, ಮಲಯಾಳಿಗಳು ಎಲ್ಲರೂ ಇದ್ದರು. ಕನ್ನಡವು ಆ ಜಿಲ್ಲೆಯಲ್ಲಿ ಶಾಲೆಯಿಂದ ಉಳಿದಿದೆಯೋ ಆಟದಿಂದ ಉಳಿದಿದೆಯೋ ಎಂದು ಕೇಳಿದರೆ, ಆಟದ ಪಾಲೇ ದೊಡ್ಡದೆಂದು ನಮಗೆ ತೋರಿತು. ಇದು ನಮ್ಮ ಅಭಿಪ್ರಾಯ. ಅಲ್ಲಿಯ ಅಧ್ಯಾಪಕರು ಇದನ್ನು ಒಪ್ಪಲಿಲ್ಲ.

ಕುಂಬಳೆಯ ಬಳಿಯಲ್ಲಿಯೇ ಅನಂತಪುರವೆಂಬ ಕ್ಷೇತ್ರವಿದೆ. ಇಲ್ಲಿ ನಡೆದ ಒಂದು ವಿನೋದವನ್ನು ಹೇಳಲೇಬೇಕು. ಕುಂಬಳೆಯ ಪೇಟೆಯಲ್ಲಿ ವೃದ್ಧರೊಬ್ಬರು "ಎಲ್ಲಿಂದ ಬಂದದ್ದು ನೀವು?" ಎಂದು ವಿಚಾರಿಸಿದರು. ನಮ್ಮ ಹಿಂದೂಪುರವು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರೂ ಹಿರಿಯರ ನಾಲಗೆ ಇನ್ನೂ ತಿರುಗಿಲ್ಲವಷ್ಟೆ? "ಅನಂತಪುರದ ಕಡೆಯವರು, ಸ್ವಾಮಿ" ಎಂದು ನಮ್ಮವರೊಬ್ಬರು ಉತ್ತರಿಸಿದರು. ವೃದ್ಧರು ನಮ್ಮ ಮೂವತ್ತೆಂಟು ಮಂದಿಯನ್ನೂ ಒಮ್ಮೆ ದೃಷ್ಟಿಸಿ, "ಅನಂತಪುರ ಇಲ್ಲಿಯೇ ಅಲ್ಲವೋ? ನಾನು ಒಬ್ಬರನ್ನೂ ಕಂಡ ನೆನಪಿಲ್ಲವಲ್ಲ!" ಎಂದರು. ಸಂಗತಿ ತಿಳಿದ ಮೇಲೆ ಅವರೇ ನಮ್ಮೊಡನೆ ದೇವಸ್ಥಾನದವರೆಗೂ ಬಂದರು.

ಮುರಕಲ್ಲಿನ ನೆಲವನ್ನು ಕೊರೆದಂತಿರುವ, 302 ಅಡಿಗಳ ಚೌಕಾಕಾರದ ಸರೋವರದ ನಡುವೆ ಗರ್ಭಗುಡಿಯಿದೆ. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನವೆಂದು ಐತಿಹ್ಯ. ಮೂಲಮೂರ್ತಿಯು ಶಿಲೆಯದೂ ಅಲ್ಲ, ಲೋಹದ್ದೂ ಅಲ್ಲ. ಕಡುಶರ್ಕರಪಾಕವೆಂಬ, ಅನೇಕ ದ್ರವ್ಯಗಳನ್ನು ಕೂಡಿಸಿ ಮಾಡುವ ವಿಶೇಷ ಪಾಕದಿಂದ ರಚಿತವಾದುದು. ಈ ಸರೋವರದಲ್ಲಿ ಬಬಿಯಾ ಎಂಬ ಮೊಸಳೆಯೊಂದು ಎಪ್ಪತ್ತಕ್ಕೂ ಮಿಕ್ಕ ವರ್ಷ ಬಾಳಿ, ದೇವರ ನೈವೇದ್ಯದ ಅನ್ನವನ್ನು ಅರ್ಚಕರ ಕೈಯಿಂದ ಸ್ವೀಕರಿಸುತ್ತಿತ್ತು. ಅದು 2022ರ ಅಕ್ಟೋಬರಿನಲ್ಲಿ ಸತ್ತಾಗ ಊರಿಗೆ ಊರೇ ಬಂದು ಹೂವಿನ ಹಾರ ಹಾಕಿ ಮಣ್ಣುಮಾಡಿತಂತೆ. ಮರುವರ್ಷವೇ ಸರೋವರದಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನಮ್ಮ ಮಕ್ಕಳು ಒಂದು ಗಂಟೆ ಕಾದರೂ ಅದು ದರ್ಶನ ಕೊಡಲಿಲ್ಲ.

ಮಧುವಾಹಿನಿಯ ದಡದಲ್ಲಿರುವ ಮಧೂರಿನ ದೇವಸ್ಥಾನವು ನೋಡತಕ್ಕದ್ದು. ಆನೆಯ ಬೆನ್ನಿನಾಕಾರದ, ಮೂರು ಅಂತಸ್ತಿನ, ತಾಮ್ರ ಹೊದಿಸಿದ ಅದರ ಮಾಡು ನಮ್ಮ ಸೀಮೆಯ ಶಿಲ್ಪಕ್ಕಿಂತ ತೀರ ಭಿನ್ನ. ದೇವರ ಹೆಸರು ಮದನಂತೇಶ್ವರ. ಆದರೆ ಅಪ್ಪದ ಪ್ರಸಾದವೂ ಪ್ರಸಿದ್ಧಿಯೂ ಗಣಪತಿಗೆ. ಎಡನೀರು ಮಠಕ್ಕೂ ಹೋದೆವು. ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತೂ ಕೆಡಿಸಲಾಗದೆಂದು 13 ಮಂದಿ ನ್ಯಾಯಮೂರ್ತಿಗಳ ಪೀಠವು 1973ರ ಏಪ್ರಿಲ್ 24ರಂದು ತೀರ್ಪಿತ್ತ ಪ್ರಸಿದ್ಧ ಮೊಕದ್ದಮೆಯ ಅರ್ಜಿದಾರರು ಈ ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಮಠದ ಜಮೀನು ಕೈಬಿಡುವ ಪ್ರಸಂಗದಿಂದ ಹುಟ್ಟಿದ ವ್ಯಾಜ್ಯವು ದೇಶಕ್ಕೆಲ್ಲ ಕಾವಲಾಯಿತು. ಕಾನೂನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಈ ಹೆಸರು ಗೊತ್ತು; ಅದು ಗಡಿನಾಡಿನ ಒಂದು ಕನ್ನಡ ಮಠದ ಹೆಸರೆಂಬುದು ಎಷ್ಟು ಮಂದಿಗೆ ಗೊತ್ತು?

ಈಗ ನಮ್ಮ ರೈತರು ಕಿವಿಗೊಡಬೇಕಾದ ವಿಷಯಕ್ಕೆ ಬರುತ್ತೇವೆ. ಅಷ್ಟು ಮಳೆ ಸುರಿದರೂ, ಗುಡ್ಡಗಳ ಮೇಲಿನ ಮುರಕಲ್ಲಿನಲ್ಲಿ ನೀರು ನಿಲ್ಲದು. ಬೇಸಗೆಗೆ ಅಲ್ಲಿಯೂ ಬರವೇ. ಅದಕ್ಕೆ ಅಲ್ಲಿಯವರು ಕಂಡುಕೊಂಡ ಉಪಾಯವೆಂದರೆ ಸುರಂಗ. ಬಾವಿಯನ್ನು ಕೆಳಕ್ಕೆ ತೋಡಿದರೆ ಸುರಂಗವನ್ನು ಅಡ್ಡಲಾಗಿ, ಗುಡ್ಡದ ಹೊಟ್ಟೆಯೊಳಕ್ಕೆ ತೋಡುತ್ತಾರೆ. ಒಬ್ಬ ಮನುಷ್ಯನು ನಿಂತು ಗುದ್ದಲಿ ಆಡಿಸುವಷ್ಟು ಎತ್ತರ, ಭುಜ ಹಿಡಿಸುವಷ್ಟು ಅಗಲ. ಉದ್ದ ಮಾತ್ರ ಕೆಲವೆಡೆ ಮುನ್ನೂರು ಮೀಟರಿನವರೆಗೂ ಇರುತ್ತದೆ. ಒಸರು ಸಿಕ್ಕಿದೊಡನೆ ನೀರು ತಾನಾಗಿಯೇ ಹರಿದು ಹೊರಗಿನ ಕೆರೆಗೆ ಬೀಳುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ತೋಡುವಾಗ ಒಂದು ಮೋಂಬತ್ತಿಯನ್ನು ಹಚ್ಚಿಟ್ಟುಕೊಳ್ಳುತ್ತಾರೆ. ಅದು ನಂದಿದರೆ ಒಳಗೆ ಪ್ರಾಣವಾಯು ಸಾಲದೆಂದು ತಿಳಿದು ಹೊರಬರುತ್ತಾರೆ. ನಾವು ಕಂಡ ಸುರಂಗದ ಬಾಯಲ್ಲಿ ಮೊಣಕಾಲಿನ ತನಕ ತಣ್ಣನೆಯ ನೀರಿತ್ತು. ಅದರ ಒಡೆಯರು ತಮ್ಮ ಅಜ್ಜನ ಕಾಲದ್ದೆಂದು ಹೇಳಿ, ಹೊಸದಾಗಿ ತೋಡಬಲ್ಲವರು ಈಗ ಬಹಳ ಕಡಮೆಯಾಗಿದ್ದಾರೆಂದು ನಿಟ್ಟುಸಿರಿಟ್ಟರು. ಪಿನಾಕಿನಿಯ ಸೀಮೆಯ ತಲಪರಿಗೆಗಳನ್ನು ನಾವು ನೆನೆದುಕೊಂಡೆವು. ಮರಳನ್ನು ಬಗೆದರೆ ನೀರು ಚಿಮ್ಮುತ್ತಿದ್ದ ಆ ಊಟೆಗಳು ಎಷ್ಟು ಉಳಿದಿವೆ? ಸಾವಿರ ಅಡಿ ಕೊಳವೆ ಇಳಿಸುವ ನಾವು, ಅಡ್ಡಲಾಗಿ ತೋಡಿ ಕೊಡದಲ್ಲಿ ಹಿಡಿಯುವವರನ್ನು ನೋಡಿ ಮಾತಿಲ್ಲದೆ ನಿಂತೆವು.

ಅದೇ ಗುಡ್ಡಗಳ ಎಣ್ಮಕಜೆಯ ಕಡೆ ಒಂದು ದುಃಖದ ಕಥೆಯೂ ಉಂಟು. ಸರಕಾರಿ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಎರಚಲಾಯಿತು. ಕೆಳಗಿನ ಹಳ್ಳಿಗಳಲ್ಲಿ ಅಂಗವಿಕಲ ಶಿಶುಗಳು ಜನಿಸಿದವು. ಕನ್ನಡದ ವೈದ್ಯರೂ ಪತ್ರಕರ್ತರೂ ಮೊದಲು ಕೂಗಿ ಹೇಳಿದರು. ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಪ್ರವಾಸಿಗಳ ಕೈಪಿಡಿಗಳಲ್ಲಿ ಇದು ಇರುವುದಿಲ್ಲ, ಇರಬೇಕಾಗಿತ್ತು.

ಚಂದ್ರಗಿರಿ ಹೊಳೆಯನ್ನು ದಾಟುವಾಗ ನಮ್ಮ ಹಿರಿಯರು ಬಸ್ಸನ್ನು ನಿಲ್ಲಿಸಿದರು. ತುಳುನಾಡಿಗೂ ಮಲಯಾಳಕ್ಕೂ ಇದೇ ಹಿಂದಿನ ಎಲ್ಲೆ. 1801ರಲ್ಲಿ ಇಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಹಾಗೆಯೇ ಬರೆದಿದ್ದಾನೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರಿಗೆ ಸೇರಿತು, ಅದರ ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿ ಕೊಟ್ಟು, ಚಂದ್ರಗಿರಿಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಪೆರಡಾಲದ ಅಧ್ಯಾಪಕರೂ ಕವಿಗಳೂ ಆಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಈ ಆಸೆಯನ್ನು ಹೊತ್ತೇ ನೂರು ವರ್ಷ ತುಂಬಿಸಿ 2015ರಲ್ಲಿ ಕಣ್ಮುಚ್ಚಿದರು. ನಮ್ಮ ಹಿಂದೂಪುರ, ಮಡಕಶಿರಗಳ ಪ್ರಶ್ನೆಯಂತೂ ಆ ಆಯೋಗದ ಮುಂದೆ ಇರಲೇ ಇಲ್ಲ. ಅವರಿಗೆ ಒಂದು ವರದಿಯಾದರೂ ಸಿಕ್ಕಿತು ಎಂದು ನಮ್ಮವರೊಬ್ಬರು ನಕ್ಕರು. ಆ ಚಂದ್ರಗಿರಿಯ ಮೇಲೊಂದು ಕೋಟೆಯಿದೆ. ನಮ್ಮ ಪೆನುಕೊಂಡೆಯಿಂದ ವಿಜಯನಗರದ ರಾಜಧಾನಿಯು ಹೋದದ್ದೂ ತಿರುಪತಿಯ ಬಳಿಯ ಇನ್ನೊಂದು ಚಂದ್ರಗಿರಿಗೇ. ಅಲ್ಲೊಂದು ಅನಂತಪುರ, ಇಲ್ಲೊಂದು. ಅಲ್ಲೊಂದು ಚಂದ್ರಗಿರಿ, ಇಲ್ಲೊಂದು.

ಬೇಕಲದ ಕೋಟೆಯನ್ನು ನಾವು ಇಳಿಹೊತ್ತಿನಲ್ಲಿ ಕಂಡೆವು. ಕೇರಳದ ಅತಿ ದೊಡ್ಡ ಕೋಟೆಯಿದು, ನಲವತ್ತು ಎಕರೆಗಳಷ್ಟು ವಿಸ್ತೀರ್ಣ. ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ, ಸುಮಾರು 1650ರಲ್ಲಿ. ಒಳಗೆ ಅರಮನೆಯಿಲ್ಲ, ಅಂತಃಪುರವಿಲ್ಲ. ಇದು ಕೇವಲ ಕಾವಲಿನ ಕೋಟೆ. ಸಮುದ್ರದೊಳಕ್ಕೆ ಚಾಚಿದ ಗುಡ್ಡದ ಸುತ್ತ ಮುರಕಲ್ಲಿನ ಗೋಡೆ, ಗೋಡೆಯ ತುಂಬ ಕಿಂಡಿಗಳು. ಮೇಲಿನ ಕಿಂಡಿಯಿಂದ ದೂರದ ಹಡಗಿಗೆ ಗುರಿಯಿಡಬಹುದು, ಕೆಳಗಿನದರಿಂದ ಬುಡಕ್ಕೆ ಬಂದ ಶತ್ರುವಿಗೆ. ಮೆಟ್ಟಿಲಿಳಿದು ಹೋಗುವ ಕೊಳವಿದೆ, ಮದ್ದಿನ ಮನೆಯಿದೆ, ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿಯಿದೆ. ನಡುವೆ ಟೀಪುವಿನ ಕಾಲದ ಎತ್ತರದ ವೀಕ್ಷಣೆಯ ದಿಬ್ಬವಿದೆ. ಅದರ ಮೇಲೆ ನಿಂತರೆ ತೆಂಕಲೂ ಬಡಗಲೂ ತೀರವೇ ತೀರ. ಸಮುದ್ರವನ್ನು ಮೊದಲ ಬಾರಿಗೆ ಕಂಡ ನಮ್ಮ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, "ಇಷ್ಟು ನೀರು ಇಟ್ಟುಕೊಂಡೂ ದೇವರು ನಮಗೆ ಕೊಡಲಿಲ್ಲವಲ್ಲ" ಎಂದರು. ಬಂದವರೆಲ್ಲ 1995ರ 'ಬಾಂಬೆ' ಚಿತ್ರದ ಹಾಡು ಇಲ್ಲಿಯೇ ಚಿತ್ರಿತವಾಯಿತೆಂದು ಅದೇ ಬುರುಜಿನಲ್ಲಿ ನಿಂತು ಪಟ ತೆಗೆಸಿಕೊಳ್ಳುತ್ತಿದ್ದರು. ನಮ್ಮ ತರುಣರೂ ತೆಗೆಸಿಕೊಂಡರು, ತಪ್ಪೇನಿಲ್ಲ. ಕಟ್ಟಿಸಿದವನ ಹೆಸರನ್ನು ಆಮೇಲೆ ಕೇಳಿದರೆ ಅವರಲ್ಲಿ ಒಬ್ಬರೂ ಹೇಳದೆ ಹೋದದ್ದು ನಮಗೆ ಹಿತವೆನಿಸಲಿಲ್ಲ.

ಆ ಶಿವಪ್ಪನಾಯಕನು ನಮಗೂ ಹೊರಗಿನವನಲ್ಲ. ಕೆಳದಿಯ ಅರಸರು ವಿಜಯನಗರದ ಸಾಮಂತರು. 1565ರ ಯುದ್ಧದ ತರುವಾಯ ಆ ಸಿಂಹಾಸನವು ನಮ್ಮ ಪೆನುಕೊಂಡೆಗೆ ಬಂದಿತಷ್ಟೆ? ಆ ವಂಶದ ಕೊನೆಯ ದೊರೆಯಾದ ಮೂರನೆಯ ಶ್ರೀರಂಗರಾಯನು ಎಲ್ಲವನ್ನೂ ಕಳೆದುಕೊಂಡು ಅಲೆದಾಗ ಅವನಿಗೆ ಬೇಲೂರಿನಲ್ಲಿ ನೆಲೆಯನ್ನಿತ್ತವನು ಇದೇ ಶಿವಪ್ಪನಾಯಕ. ಕೆಳದಿಯನ್ನು 1763ರಲ್ಲಿ ಹೈದರಲಿಯು ಗೆದ್ದನು. 1799ರಲ್ಲಿ ಈ ತೀರವೆಲ್ಲ ಇಂಗ್ಲಿಷರ ವಶವಾಯಿತು. ಅವರು ಇಲ್ಲಿಗೆ ಕಳುಹಿಸಿದ ಮೊದಲ ಕಲೆಕ್ಟರನು ಥಾಮಸ್ ಮನ್ರೋ. ಬಿಡದೆ ಸುರಿವ ಮಳೆಗೆ ಬೇಸತ್ತು ವರ್ಗ ಬೇಡಿದ ಅವನನ್ನು 1800ರಲ್ಲಿ ಎಲ್ಲಿಗೆ ಕಳುಹಿಸಿದರು ಬಲ್ಲಿರಾ? ನಮ್ಮ ಅನಂತಪುರಕ್ಕೆ. ಏಳು ವರ್ಷ ನಮ್ಮ ಬಿಸಿಲಿನಲ್ಲಿದ್ದು ಕಂದಾಯವನ್ನು ಕ್ರಮಪಡಿಸಿದನು. ನಮ್ಮ ಕಡೆ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದ ಕಾಲವೊಂದಿತ್ತು. ಕನ್ನಡ ಜಿಲ್ಲೆಯ ಹಳೆಯ ಕಡತಗಳಲ್ಲಿ ರೈತನ ಹೆಸರಿನಲ್ಲಿಯೇ ನೆಲವು ದಾಖಲಾಗಿದ್ದುದನ್ನು ಕಂಡವನು, ಮಧ್ಯವರ್ತಿಯಿಲ್ಲದೆ ರೈತನೊಡನೆಯೇ ಕಂದಾಯದ ಒಪ್ಪಂದ ಮಾಡುವ ಪದ್ಧತಿಯನ್ನು ನಮ್ಮಲ್ಲಿಯೂ ನಡೆಸಿದನು. ಬೇಕಲದ ನಾಡಿಗೂ ನಮ್ಮ ಹೊಲಕ್ಕೂ ಇಂಥದೊಂದು ನಂಟಿದೆಯೆಂದು ಹೋಗುವ ಮೊದಲು ನಮ್ಮಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

ಕಡೆಯ ದಿನ ಕಾಸರಗೋಡಿನ ಕನ್ನಡ ಬಂಧುಗಳು ನಮ್ಮನ್ನು ಒಂದು ಶಾಲೆಯ ಅಂಗಳದಲ್ಲಿ ಸೇರಿಸಿದರು. ಕುಚ್ಚಲಕ್ಕಿಯ ಅನ್ನ, ತಂಬುಳಿಗಳ ಊಟ. ರಾಗಿಮುದ್ದೆಯ ನಾವು ಮೊದಲು ಸಂಕೋಚಪಟ್ಟು, ಆಮೇಲೆ ಸಂಕೋಚವನ್ನು ಬಿಟ್ಟೆವು. ಊಟದ ಮೇಲೆ ಮಾತು ನಿಜವಾದ ವಿಷಯಕ್ಕೆ ಬಂದಿತು. ಅವರಿಗೆ ಒಂದನೆಯ ತರಗತಿಯಿಂದ ಸ್ನಾತಕೋತ್ತರ ಪದವಿಯವರೆಗೆ ತಮ್ಮ ಜಿಲ್ಲೆಯಲ್ಲಿಯೇ ಕನ್ನಡವನ್ನೋದುವ ಅವಕಾಶವಿದೆ. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡದ ಎಂ.ಎ. ತರಗತಿಯಿದೆ. ಆದರೂ ಅವರ ಮುಖದಲ್ಲಿ ನಿಶ್ಚಿಂತೆಯಿರಲಿಲ್ಲ. ಕನ್ನಡ ಬಾರದವರು ಕನ್ನಡ ಶಾಲೆಗೆ ಅಧ್ಯಾಪಕರಾಗಿ ಬರುತ್ತಾರೆಂಬ ದೂರು ಅಲ್ಲಿದೆ. ಅಲ್ಲಿಯೂ ತಾಯಂದಿರು ಮಕ್ಕಳನ್ನು ಇಂಗ್ಲಿಷು ಶಾಲೆಯ ಬಸ್ಸು ಹತ್ತಿಸುತ್ತಾರೆ. 1956ರಲ್ಲಿಯೇ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ವಿಧಿಯಿದ್ದರೆ ಸಾಲದು, ತರಗತಿಯಲ್ಲಿ ಕೂರುವ ಮಕ್ಕಳಿರಬೇಕೆಂದು ಅಲ್ಲಿಯ ಹಿರಿಯ ಅಧ್ಯಾಪಕಿಯೊಬ್ಬರು ಹೇಳಿದರು. ಮಕ್ಕಳಿಲ್ಲದ ತರಗತಿಯನ್ನು ಯಾವ ಕಾನೂನೂ ಉಳಿಸಲಾರದಂತೆ.

ಹಿಂದಿರುಗುವ ರೈಲಿನಲ್ಲಿ ನಮ್ಮೊಳಗೇ ದೊಡ್ಡ ಚರ್ಚೆಯಾಯಿತು. ಮಗಳು ಐದನೆಯ ತರಗತಿಯನ್ನು ಮುಗಿಸುತ್ತಿರುವ ತಂದೆಯೊಬ್ಬರು, "ಕನ್ನಡದಲ್ಲಿ ಓದಿಸಿದರೆ ಆಂಧ್ರದಲ್ಲಿ ಕೆಲಸ ಯಾರು ಕೊಡುತ್ತಾರೆ? ಕರ್ನಾಟಕದಲ್ಲಿ ನಮ್ಮನ್ನು ಹೊರಗಿನವರೆನ್ನುತ್ತಾರೆ" ಎಂದರು. ಇದು ಸುಳ್ಳೆಂದು ಹೇಳುವ ಧೈರ್ಯ ನಮಗಿಲ್ಲ. ಹೊಟ್ಟೆಯ ಪ್ರಶ್ನೆಯನ್ನು ಅಭಿಮಾನದ ಭಾಷಣದಿಂದ ಮುಚ್ಚುವುದು ನ್ಯಾಯವೂ ಅಲ್ಲ. ತೆಲುಗು ನಮ್ಮ ಸಂತೆಯ ಭಾಷೆ, ನಮ್ಮ ನೆರೆಮನೆಯ ಭಾಷೆ, ಅನೇಕರಿಗೆ ಬೀಗರ ಭಾಷೆ. ಅದನ್ನು ದೂರಿ ನಮಗೆ ಆಗಬೇಕಾದ್ದೇನೂ ಇಲ್ಲ. ಆ ತಂದೆಗೆ ಅವರ ಮಗಳೇ ಉತ್ತರ ಕೊಟ್ಟಳು. ಯಾವ ಶಾಲೆಗಾದರೂ ಹೋಗುವೆನು, ಆದರೆ ಆಟದಲ್ಲಿ ಆ ರಾವಣನು ಆಡಿದ ಮಾತನ್ನು ಓದಲು ಬರಬೇಕು, ರಾತ್ರಿ ಹೊತ್ತು ಅಜ್ಜನು ಕಲಿಸಲಿ ಎಂದಳು. ಅಜ್ಜನವರು ಒಪ್ಪಿದ್ದಾರೆ. ಶಾಲೆಯ ಪ್ರಶ್ನೆ ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

1623ರಲ್ಲಿ ಇಕ್ಕೇರಿಗೆ ಹೊರಟಿದ್ದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯು ಘಟ್ಟದ ದಾರಿಯ ಗುಡಿಯೊಂದರ ಜಗಲಿಯಲ್ಲಿ ಹುಡುಗರು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಲೆಕ್ಕ ಹೇಳಿಕೊಳ್ಳುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಈ ಸಂಗತಿಯನ್ನು ರೈಲಿನಲ್ಲಿ ಹೇಳಿದಂದಿನಿಂದ ಸಂಘದ ಅಂಗಳದಲ್ಲಿಯೂ ಒಂದು ಮರಳಿನ ಹಾಸು ಸಿದ್ಧವಾಗಿದೆ. ಚಿಕ್ಕ ಮಕ್ಕಳು ಸಂಜೆ ಅಲ್ಲಿ ಅಕ್ಷರ ತಿದ್ದುತ್ತಾರೆ; ಬೆಕ್ಕುಗಳಿಂದ ಅದನ್ನು ಕಾಯುವುದೊಂದೇ ಕಷ್ಟ.

ಕಾಸರಗೋಡಿನ ಬಂಧುಗಳು ಬರುವ ಮಾಘಮಾಸದಲ್ಲಿ ನಮ್ಮಲ್ಲಿಗೆ ಬರುವುದಾಗಿ ಮಾತು ಕೊಟ್ಟಿದ್ದಾರೆ. ಪೆನುಕೊಂಡೆಯ ಗಗನಮಹಲನ್ನೂ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರಿನ, ಅಂದರೆ ಈಗಿನ ಹೇಮಾವತಿಯ, ಗುಡಿಗಳನ್ನೂ, ಲೇಪಾಕ್ಷಿಯನ್ನೂ ಅವರಿಗೆ ತೋರಿಸುವುದೆಂದು ನಿಶ್ಚಯವಾಗಿದೆ. "ಅಲ್ಲಿ ಕನ್ನಡ ಶಾಸನಗಳು ಉಂಟೋ?" ಎಂದು ಅವರು ಕೇಳಿದರು. ಲೇಪಾಕ್ಷಿಯ ಗೋಡೆಯ ಮೇಲೆಯೇ ಉಂಟೆಂದೆವು. "ಹಾಗಾದರೆ ನಿಮ್ಮ ಮಕ್ಕಳೇ ಓದಿ ಹೇಳಲಿ" ಎಂದರು. ಹಳಗನ್ನಡದ ಅಕ್ಷರಗಳನ್ನು ಬಲ್ಲ ನಿವೃತ್ತ ಉಪಾಧ್ಯಾಯರೊಬ್ಬರು ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ಕಲಿಸಲು ಒಪ್ಪಿದ್ದಾರೆ. ಈವರೆಗೆ ಏಳು ಮಕ್ಕಳು ಹೆಸರು ಕೊಟ್ಟಿದ್ದಾರೆ. ಕಲ್ಯಾಣದುರ್ಗದ ಕಡೆಯಿಂದ ಇನ್ನೂ ಒಬ್ಬರೂ ಬಂದಿಲ್ಲ. ಹೆಸರು ಕೊಡತಕ್ಕವರು ಇಂದಿನ ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಲ್ಲಿ ಬರೆಸಬೇಕೆಂದು ಪ್ರಾರ್ಥಿಸುತ್ತೇವೆ.